ಮೋಯಾ ಖಲಾಸ್

ತನಿಯಪ್ಪನನ್ನು ಸುಡಾನಿನ ರೈತನನ್ನಾಗಿ ಮಾಡಿದ್ದು ಒಂದು ಬಸಳೆ ಬಳ್ಳಿ.

ಕುವೈತಿನ ಹವಲ್ಲಿಯ ಮೂರನೇ ಮಹಡಿಯ ಬಾಲ್ಕನಿಯಲ್ಲಿ, ಖಾಲಿ ಪೇಂಟ್ ಡಬ್ಬಿಯೊಳಗೆ, ಏಸಿಯಿಂದ ತೊಟ್ಟಿಕ್ಕುವ ನೀರು ಕುಡಿದೇ ಅದು ಸೊಂಪಾಗಿ ಬೆಳೆದಿತ್ತು. ಅದರ ಫೋಟೋವನ್ನು ಹೆಂಡತಿಗೆ ಕಳಿಸಲು ಹೋಗಿ, ಬೆರಳು ಜಾರಿ, ವೀಸಾ ಕೊಟ್ಟ ಧಣಿ, ಕಫೀಲ್ ಅಬು ನಾಸಿರನಿಗೆ ಕಳಿಸಿಬಿಟ್ಟ. ಅವನ ದಿನಸಿ ಗೋದಾಮಿನಲ್ಲೇ ತನಿಯಪ್ಪ ಸ್ಟೋರ್‌ಕೀಪರು. ಅಬು ನಾಸಿರನೋ ಆಗಷ್ಟೇ ಸುಡಾನಿನಲ್ಲಿ ಎಳ್ಳು ಬೆಳೆಯಲು ಜಮೀನು ಹಿಡಿದಿದ್ದ. ಅದೂ ಅಂತಿಂಥ ಬೇಸಾಯವಲ್ಲ, ಡಿಜಿಟಲ್ ಬೇಸಾಯ. ಮಣ್ಣಿನಲ್ಲಿ ನೆಟ್ಟ ಕಡ್ಡಿಗಳು ತೇವ ಅಳೆದು ಫೋನಿಗೆ ಸುದ್ದಿ ಕಳಿಸುತ್ತಿದ್ದವು. ಒಣಗಿದ್ದರೆ ಕೆಂಪು, ಹದವಾಗಿದ್ದರೆ ಹಸಿರು. ಕುವೈತಿನಲ್ಲಿ ಗುಂಡಿ ಒತ್ತಿದರೆ ಅಲ್ಲಿ ನೈಲ್ ಕಾಲುವೆಯ ಪಂಪು ಗುಡುಗುಡು ಎನ್ನುತ್ತಿತ್ತು.

"ನೀನು ರೈತ ಅಂತ ನನಗೆ ಹೇಳಲೇ ಇಲ್ಲವಲ್ಲ" ಎಂದು ಅಬು ನಾಸಿರ್ ಶುಕ್ರವಾರ ಬೆಳಿಗ್ಗೆ ಆ ಫೋನನ್ನು ಅವನ ಕೈಗಿಟ್ಟ. "ನಾಳೆ ಬಿತ್ತನೆ. ಸಂಜೆಯೊಳಗೆ ಹಸಿರು ತೋರಿಸು, ನಿನ್ನ ಛುಟ್ಟಿ ಕೊಡ್ತೇನೆ. ಯಲ್ಲಾ."

ಛುಟ್ಟಿ ಎಂದದ್ದೇ ತಡ, ತನಿಯಪ್ಪ ಫೋನನ್ನು ಎದೆಗೊತ್ತಿಕೊಂಡ. ಮಗಳು ಹುಟ್ಟಿದ ಮೇಲೆ ಅವನು ಊರಿಗೇ ಹೋಗಿರಲಿಲ್ಲ. ಆ ಮಗು ಅಪ್ಪನನ್ನು ವಿಡಿಯೋದಲ್ಲಷ್ಟೇ ಕಂಡದ್ದು. ಹಾಗಾಗಿ ಫೋನಿಗೇ ಅಪ್ಪ ಎನ್ನುತ್ತಿತ್ತು. ಬ್ಯಾಟರಿ ಇಳಿದರೆ, "ಅಮ್ಮ, ಅಪ್ಪನನ್ನು ಚಾರ್ಜಿಗೆ ಹಾಕು" ಎನ್ನುತ್ತಿತ್ತಂತೆ.

ಮನೆಗೆ ಬಂದು ನೋಡಿದರೆ ಪರದೆ ಮದುಮಗಳ ಸೀರೆಯಷ್ಟು ಕೆಂಪು. ಒತ್ತಿದ. ಬಹಳ ಹೊತ್ತು ಕಾದ. ಇನ್ನೂ ಕೆಂಪು.

ಎದುರು ಫ್ಲ್ಯಾಟಿನ ಸರಸಮ್ಮ ಮಂಡ್ಯದವರು. ಬಾಗಿಲು ತೆರೆದಿದ್ದರೆ ಕರೆಯದೆಯೇ ಒಳಗೆ ಬರುವಷ್ಟು ಸಲುಗೆ.

"ಏನಪ್ಪಾ, ಪರೀಕ್ಷೆ ಫೇಲಾದವನ ಥರ ಕೂತಿದ್ದೀಯ?"

"ಸುಡಾನ್ ಒಣಗಿದೆ ಸರಸಮ್ಮ."

"ಒಣಗಿದ್ರೆ ನೀರು ಬಿಡು. ಕಾಲುವೆ ನೀರನ್ನ ಹನಿ ಹನಿಯಾಗಿ ಬಿಡೋದುಂಟಾ? ಧಾರಾಳವಾಗಿ ಬಿಡಪ್ಪ, ನಮ್ಮ ಕಡೆ ಹಂಗೇ."

ಧಾರಾಳವಾಗಿ ಒತ್ತಿದ. ಕೆಂಪು ಇನ್ನಷ್ಟು ಕೆಂಪಾಯಿತು.

ಮಧ್ಯಾಹ್ನ ಸುಡಾನಿನಿಂದ ಕರೆ ಬಂತು. ಜಮೀನು ನೋಡಿಕೊಳ್ಳುವ ಮುದುಕಿ ಹಾಜ್ಜಾ ಬತೂಲ್. ಅವಳ ಹಳ್ಳಿಯಲ್ಲಿ ಸಿಗ್ನಲ್ ಸಿಗುವುದು ಟ್ಯಾಂಕಿನ ಏಣಿ ಹತ್ತಿದರೆ ಮಾತ್ರ. ಏಣಿಯ ಮೇಲಿಂದ ಅವಳು, "ಮೋಯಾ ಖಲಾಸ್! ಮೋಯಾ ಖಲಾಸ್!" ಎಂದು ಕೂಗಿದಳು. ಅಷ್ಟಕ್ಕೇ ಲೈನ್ ಕಡಿಯಿತು.

ಮೋಯಾ ಎಂದರೆ ನೀರು, ಅದು ತನಿಯಪ್ಪನಿಗೂ ಗೊತ್ತು. ಖಲಾಸ್ ಬಗ್ಗೆ ಅನುಮಾನವಿದ್ದುದರಿಂದ ಕೆಳಗಿನ ಮೊಬೈಲ್ ಅಂಗಡಿಯ ಮೊಯ್ದಿನಬ್ಬನ ಬಳಿಗೆ ಓಡಿದ.

"ಎಂಥ ಮಾರಾಯಾ, ಇದು ಸಾ ಕೇಳ್ಳಿಕ್ಕುಂಟಾ?" ಎಂದ ಮೊಯ್ದಿನಬ್ಬ. "ದಿನಾ ಹೇಳುವ ಮಾತು. ಬ್ಯಾಟರಿ ಖಲಾಸ್, ಬ್ಯಾಲೆನ್ಸ್ ಖಲಾಸ್. ಮುಗೀತು ಅಂತ. ಪಾಪ, ನೀರು ಮುಗಿದು ಆ ಮುದುಕಿ ಬಾಯಿ ಬಿಡ್ತಾ ಉಂಟು. ನೀನು ಇಲ್ಲಿ ಅರ್ಥ ಹುಡುಕಿಕೊಂಡು ನಿಂತಿದ್ದಿ."

ತನಿಯಪ್ಪ ಎರಡನೇ ಪಂಪನ್ನೂ ಹಾಕಿದ. ಮತ್ತೆ ಕರೆ: "ಖಲಾಸ್!" ಮೂರನೆಯದನ್ನೂ ಹಾಕಿದ. ಆಮೇಲೆ ಕರೆ ಬರಲಿಲ್ಲ. "ನೋಡು, ಸಮಾಧಾನ ಆಯ್ತು ಅವಳಿಗೆ" ಎಂದ ಮೊಯ್ದಿನಬ್ಬ.

ಸಂಜೆ ತನಿಯಪ್ಪನ ಮನೆಯಲ್ಲಿ ಮೂವರೂ ಕೂತಿದ್ದಾಗ ಬತೂಲಳಿಂದ ಬಂದದ್ದು ಫೋಟೋಗಳು. ಮೊದಲನೆಯದರಲ್ಲಿ ಜಮೀನಿರಲಿಲ್ಲ, ಕೆರೆಯಿತ್ತು. ಎರಡನೆಯದರಲ್ಲಿ ಬತೂಲಳ ಅಡುಗೆಮನೆ. ಒಲೆಯ ಮೇಲಿನ ಗೂಡಿನಲ್ಲಿ, ಕಸೂತಿ ಬಟ್ಟೆ ಹಾಸಿ, ತೊಳೆದು ಸಾಲಾಗಿ ಇಟ್ಟ ತೇವ ಅಳೆಯುವ ಕಡ್ಡಿಗಳು. ಕುವೈತಿನಿಂದ ಬಂದ ಬೆಲೆಬಾಳುವ ಉಡುಗೊರೆ ಮಣ್ಣಿನಲ್ಲಿ ಹಾಳಾಗಬಾರದೆಂದು ಕಿತ್ತು ತಂದಿದ್ದಳು. ಅವಳು ಚಹಾ ಕಾಯಿಸಿದಾಗಲೆಲ್ಲ ಒಲೆಯ ಬಿಸಿಗೆ ಹವಲ್ಲಿಯಲ್ಲಿ ಬರಗಾಲ ಬಿದ್ದಿತ್ತು.

"ಹಂಗಾದ್ರೆ ಖಲಾಸ್ ಅಂದಿದ್ದು...?" ಎಂದು ಸರಸಮ್ಮ ಮೊಯ್ದಿನಬ್ಬನನ್ನು ನೋಡಿದರು.

"ಸಾಕು ಅಂತ ಸಾ ಒಂದು ಅರ್ಥ ಉಂಟು" ಎಂದ ಅವನು ನೆಲ ನೋಡುತ್ತ. "ಆಯ್ತು, ಬಿಡು ಅಂತ."

ಅಷ್ಟರಲ್ಲಿ ಅಬು ನಾಸಿರನ ಕರೆ. ತನಿಯಪ್ಪ ಫೋನನ್ನು ಎಲ್ಲರ ನಡುವೆ ಇಟ್ಟ. ಸ್ಪೀಕರ್ ಹಾಕಿದ. ಬೈಗುಳ ಬರಲಿಲ್ಲ. ಕಫೀಲನ ದನಿ ಒದ್ದೆಯಾಗಿತ್ತು. ಜಮೀನು ತುಂಬಿ ಹರಿದ ನೀರು ಇಳಿಜಾರಿಗೆ ಹೋಗಿ, ಎಂದೋ ಬತ್ತಿದ್ದ ಊರಿನ ಕೆರೆಯನ್ನು ತುಂಬಿಸಿತ್ತಂತೆ. ಆಡು, ಒಂಟೆಗಳೆಲ್ಲ ಕುಡಿಯುತ್ತಿವೆ. ಹಳ್ಳಿಯ ಹಿರಿಯರು ಸಾಲಾಗಿ ಏಣಿ ಹತ್ತಿ ಫೋನ್ ಮಾಡಿ, ಅವನ ಹೆಸರಲ್ಲಿ ದುವಾ ಮಾಡಿದ್ದಾರೆ.

"ನನ್ನ ತಂದೆಗೂ ಯಾರೂ ಇಷ್ಟು ಹರಸಿರಲಿಲ್ಲ, ಎಲ್ಲ ನಿನ್ನಿಂದ" ಎಂದ ಅಬು ನಾಸಿರ್. "ಬಿತ್ತನೆ ಮುಂದಿನ ವಾರ ಆಗಲಿ. ನಿನ್ನ ಛುಟ್ಟಿ ಖಲಾಸ್. ಪೆಟ್ಟಿಗೆ ಕಟ್ಟು, ನಾಳೆ ವಿಮಾನ." ಫೋನ್ ಇಟ್ಟ.

ಎಲ್ಲರೂ ಮೊಯ್ದಿನಬ್ಬನ ಮುಖ ನೋಡಿದರು.

"ಈಗ ತಾನೇ ಹೇಳಿದೆನಲ್ಲ" ಎಂದ ಅವನು ಎದೆಯುಬ್ಬಿಸಿ. "ಆಯ್ತು ಅಂತ. ಛುಟ್ಟಿ ಮಂಜೂರು!"

ಆ ಮನೆಯಲ್ಲಿ ಹಬ್ಬವಾಯಿತು. ಸರಸಮ್ಮ ಮಗುವಿಗೆಂದು ತಾವೇ ಹೆಣೆದ ಟೋಪಿ ತಂದರು. ಮೊಯ್ದಿನಬ್ಬ ಹಾಡುವ ಗೊಂಬೆಯೊಂದನ್ನು ಕೊಟ್ಟು, ದುಡ್ಡಿನ ಮಾತೆತ್ತಿದರೆ ಮಾತಾಡುವುದಿಲ್ಲ ಎಂದ. ಹಾಲಿನ ಪುಡಿ, ಬಾದಾಮಿ, ಚಾಕಲೇಟು ಸೇರಿ ಪೆಟ್ಟಿಗೆ ಮುಚ್ಚಲಾರದಾಯಿತು. ಸರಸಮ್ಮ ಮೇಲೆ ಕೂತರು, ಮುಚ್ಚಿತು. ಇಷ್ಟೊಂದು ಜನ ತನ್ನವರೆಂದು ತನಿಯಪ್ಪನ ಕಣ್ಣು ತುಂಬಿತು.

ಆಗ ಟಿಕೆಟ್ ವಾಟ್ಸಾಪಿಗೆ ಬಂತು. ಅವನು ಓದಿ, ಫೋನನ್ನು ಮೆಲ್ಲಗೆ ಸರಸಮ್ಮನಿಗೆ ಕೊಟ್ಟ. ಕುವೈತಿನಿಂದ ಸುಡಾನಿನ ಖಾರ್ಟೂಮ್.

ಹಿಂದೆಯೇ ಕಫೀಲನ ದನಿ: "ಊರಿನವರು ನಿನ್ನನ್ನು ನೋಡಲೇಬೇಕಂತೆ. ಎಳ್ಳು ಕೊಯ್ಯುವವರೆಗೆ ಅಲ್ಲೇ ಇರು. ಅದಕ್ಕೇ ಛುಟ್ಟಿ ಕ್ಯಾನ್ಸಲ್ ಅಂತ ಆಗಲೇ ಹೇಳಿದೆನಲ್ಲ."

"ಮುಗೀತು ಅಂತ ಸಾ ಅರ್ಥ ಉಂಟು" ಎಂದು ಮೊಯ್ದಿನಬ್ಬ ಬಾಗಿಲ ಕಡೆ ಸರಿದ. "ಅದು ನಾನು ಮಧ್ಯಾಹ್ನವೇ ಹೇಳಿದ್ದೆ."

ಯಾರಿಗೂ ಬೈಯಲು ಮನಸ್ಸು ಬರಲಿಲ್ಲ. ಅತ್ತ ಏಣಿ ಹತ್ತಿದ ಬತೂಲ್, "ಬಾ ಮಗನೇ, ಶುಕ್ರಾನ್" ಎಂದು ಕೃತಜ್ಞತೆಯ ದನಿ ಕಳಿಸಿದ್ದಳು. ಇತ್ತ ಊರಿನಿಂದ ಹೆಂಡತಿ, ಮಗು ಫೋನಿಗೆ ಮುತ್ತು ಕೊಡುತ್ತಿರುವ ವಿಡಿಯೋ ಕಳಿಸಿದ್ದಳು. ಫೋನಿನ ಮೇಲೆಲ್ಲ ಜೊಲ್ಲು. ಅದನ್ನು ನೋಡಿ ತನಿಯಪ್ಪ ಅಳುವ ಬದಲು ನಕ್ಕ.

ಆಮೇಲೆ ಕಫೀಲನ ಫೋನ್ ತೆರೆದ. ಸಂಜೆ ಬತೂಲಳಿಗೆ ಹೇಳಿ ಕಡ್ಡಿಗಳನ್ನು ಮತ್ತೆ ಮಣ್ಣಿಗೆ ಊರಿಸಿದ ಮೇಲೆ ಅದು ಅಚ್ಚ ಹಸಿರಾಗಿತ್ತು. ಅವನು ನೋಡುತ್ತಿದ್ದಂತೆಯೇ ಅದು ಮತ್ತೆ ಕೆಂಪಾಗತೊಡಗಿತು.

ಹಾಜ್ಜಾ ಬತೂಲ್ ಅವನ ಸ್ವಾಗತಕ್ಕೆಂದು ಕಡ್ಡಿಗಳನ್ನು ಮತ್ತೆ ಕಿತ್ತು ತಂದು ತೊಳೆದಿಟ್ಟು, ಚಹಾಕ್ಕೆ ನೀರಿಟ್ಟಿದ್ದಳು.