ಉಗಿ ಎಂಜಿನ್ ಹಿಲ್ಡಾ ಅವರಿಗೆ, ಕೆಸರಲ್ಲಿ ಹೂತ ಅತಿಥಿಯ ದೂರು

ಮಾನ್ಯ ಹಿಲ್ಡಾ ಅವರೇ,

ತಮ್ಮ ಬಾಯ್ಲರಿಗೆ ತುಕ್ಕು ಹಿಡಿಯದಿರಲಿ, ಹೊಗೆಕೊಳವೆಯಲ್ಲಿ ಹಕ್ಕಿ ಗೂಡು ಕಟ್ಟದಿರಲಿ, ತಮ್ಮ ಪಾಲಿನ ಸೌದೆ ಸದಾ ಒಣಗಿರಲಿ ಎಂದು ಹಾರೈಸುತ್ತ, ನಾರ್ತ್ ಡಕೋಟದ ಮಾಜಿ ಲಾರಿ ಡ್ರೈವರ್ ವರ್ಲಿನ್ ಟಾಸ್ಟ್ರಡ್ ಮಾಡುವ ನಮಸ್ಕಾರಗಳು. ಎಂಜಿನ್ನಿಗೆ ಕಾಗದ ಬರೆಯುವಷ್ಟು ನನ್ನ ತಲೆ ಕೆಟ್ಟಿಲ್ಲ. ತಮ್ಮ ಹಳೇ ಯಂತ್ರಗಳ ಮ್ಯೂಸಿಯಮ್ಮಿನಲ್ಲಿರುವ ಮನುಷ್ಯರಿಗೆ ಮೊದಲು ಹೇಳಿ ನೋಡಿದೆ. ಏನು ಹೇಳಿದರೂ ಅವರು "ನಮ್ಮ ಕೈಲೇನಿದೆ, ಹಿಲ್ಡಾನ್ನೇ ಕೇಳಿ" ಅನ್ನುತ್ತಾರೆ. ಅದಕ್ಕೇ ತಮ್ಮನ್ನೇ ಕೇಳುತ್ತಿದ್ದೇನೆ, ನಾಲ್ಕು ಜನ ಓದಲಿ ಎಂದು ಪತ್ರಿಕೆಯಲ್ಲೇ ಕೇಳುತ್ತಿದ್ದೇನೆ.

ಕಳೆದ ತಿಂಗಳು ಜಿಲ್ಲೆಯ ರೈತರೆಲ್ಲ ಸೇರುವ ಕೌಂಟಿ ಮೇಳಕ್ಕೆ ಹೊರಟಿದ್ದ ನಾನೂ ನನ್ನ ಹೆಂಡತಿ ಆರ್ಡಿಸಳೂ ಒಲೆ, ಹಾಸಿಗೆ ಎಲ್ಲ ಇರುವ ನಮ್ಮ ಮನೆಬಸ್ಸನ್ನು ಒಂದು ರಾತ್ರಿಯ ಮಟ್ಟಿಗೆ ತಮ್ಮ ಅಂಗಳದಲ್ಲಿ ನಿಲ್ಲಿಸಿದೆವು. ಜಾಗಕ್ಕೆ ಬಾಡಿಗೆಯಿಲ್ಲ, ಯಂತ್ರಗಳನ್ನು ನೋಡಿ ಅಂಗಡಿಯಲ್ಲಿ ಏನಾದರೂ ಕೊಂಡರೆ ಸಾಕು ಎಂಬ ತಮ್ಮವರ ಔದಾರ್ಯವನ್ನು ಮೆಚ್ಚಿ, ತಮ್ಮ ಚಿತ್ರವಿರುವ ಕಾಫಿ ಲೋಟವೊಂದನ್ನು ಕೊಂಡೆವು. ಅದರ ಹಿಡಿ ಮನೆ ತಲುಪುವ ಮೊದಲೇ ಕಳಚಿತು. ಇರಲಿ, ಅದಕ್ಕೆ ಬೇರೆ ಪತ್ರ ಬರೆಯುತ್ತೇನೆ. ಹುಲ್ಲಿನ ಮೇಲೆ ಗಾಡಿ ನಿಲ್ಲಿಸಬಾರದು ಎಂಬ ಫಲಕವೇನೋ ಅಲ್ಲಿತ್ತು. ಅದು ಹೊಸಬರಿಗೆ ಎಂದುಕೊಂಡು ನಾನು ಹುಲ್ಲಿನ ಮೇಲೇ ನಿಲ್ಲಿಸಿದೆ. ರಾತ್ರಿಯೆಲ್ಲ ಮಳೆ ಹೊಯ್ದು, ಬೆಳಗ್ಗೆ ಎದ್ದರೆ ಹಿಂದಿನ ಗಾಲಿಗಳು ಅಚ್ಚಿನವರೆಗೆ ಹೂತಿದ್ದವು.

ಇಲ್ಲಿ ತಮಗೊಂದು ಸಂಸಾರದ ವಿಷಯ ತಿಳಿಸಬೇಕು. ಸಬ್ಬಸಿಗೆ ಸೊಪ್ಪು ಹಾಕಿದ ಎಳೆಸೌತೆಯ ಉಪ್ಪಿನಕಾಯಿಗೆ ಮೇಳದಲ್ಲಿ ಪ್ರತಿವರ್ಷ ಮೊದಲ ಬಹುಮಾನದ ನೀಲಿ ರಿಬ್ಬನ್ನು ಹೊಡೆಯುವವಳು ನನ್ನ ಅಕ್ಕ ವಿನಿಫ್ರೆಡ್. ಎರಡನೆಯ ಬಹುಮಾನದ ಕೆಂಪು ರಿಬ್ಬನ್ನು ಹಿಡಿದು ಬರುವವಳು ನನ್ನ ಹೆಂಡತಿ. ನಮ್ಮ ಮನೆಯಲ್ಲಿ ಒಂದು ಡ್ರಾಯರು ತೆರೆದರೆ ಕೆಂಪು ಬಿಟ್ಟು ಬೇರೆ ಬಣ್ಣವಿಲ್ಲ. ಈ ಸಲದ ಉಪ್ಪಿನಕಾಯಿ ಮಾತ್ರ ಬೇರೆ ತೂಕದ್ದು, ಕಚ್ಚಿದರೆ ಪಕ್ಕದ ಕೋಣೆಗೆ ಕೇಳಬೇಕು. ಕ್ರಿಸ್‌ಮಸ್ ಊಟದಲ್ಲಿ ಎಲ್ಲರೆದುರು "ಈ ವರ್ಷ ನೋಡ್ತಿರು ಅಕ್ಕ" ಎಂದು ಬಾಯಿ ಬಿಟ್ಟಿದ್ದವನು ನಾನು. ಜಾಡಿಗಳನ್ನು ಮಧ್ಯಾಹ್ನ ಹನ್ನೆರಡರೊಳಗೆ ಮೇಳದ ಮೇಜಿನ ಮೇಲೆ ಇಡದಿದ್ದರೆ ಮುಂದಿನ ಚಳಿಗಾಲವನ್ನು ನಾನು ಹೇಗೆ ಕಳೆಯುತ್ತಿದ್ದೆ ಎಂಬುದನ್ನು ತಾವೇ ಊಹಿಸಿ.

ನನ್ನ ಬಸ್ಸಿನ ಪಕ್ಕದಲ್ಲೇ ಒಂದು ಟ್ರ್ಯಾಕ್ಟರ್ ನಿಂತಿತ್ತು. ಹೊಸದು, ಕೀಲಿಯೂ ಅದರಲ್ಲೇ ಇತ್ತು. ತಮ್ಮ ಸೇವಕ ಶ್ರೀ ಡೆಲ್ಮರ್ ಸ್ಕಾರೆ ಎಂಬ ಹಿರಿಯರಿಗೆ ಅದನ್ನು ತೋರಿಸಿದರೆ, ನಾನು ಸತ್ತ ಇಲಿ ತೋರಿಸಿದ ಹಾಗೆ ಮುಖ ಮಾಡಿದರು.

"ಅದಾ? ಅದು ಹುಲ್ಲು ಕತ್ತರಿಸೋಕೆ. ನಮ್ಮ ಅಂಗಳದಲ್ಲಿ ಹೂತವರನ್ನ ಎಳೆಯೋದು ಹಿಲ್ಡಾ."

"ಅವಳಿಗೆ ಹಬೆ ಏರೋಕೆ ಎಷ್ಟು ಹೊತ್ತು ಬೇಕಯ್ಯಾ?"

"ಅದು ಅವಳಿಷ್ಟ. ಜನ್ಮವೆಲ್ಲ ಲಾರಿ ಓಡಿಸ್ದೋರು ಹುಲ್ಲು ಯಾವ್ದು ಜಲ್ಲಿ ಯಾವ್ದು ಗೊತ್ತಾಗ್ದೆ ನಿಲ್ಸಿದೀರಿ, ಸ್ವಲ್ಪ ಕಾಯ್ರಿ ಯಜಮಾನ್ರೇ."

ಹಿಲ್ಡಾ ಅವರೇ, ತಮ್ಮ ನಿಧಾನವನ್ನು ಎಷ್ಟು ಹೊಗಳಿದರೂ ಸಾಲದು. ಸೌದೆ ತಿಂದಿರಿ, ತೊಟ್ಟಿಗಟ್ಟಲೆ ನೀರು ಕುಡಿದಿರಿ, ತೇಗಿದಿರಿ, ಆರ್ಡಿಸ್ ಒಣಹಾಕಿದ್ದ ಬಿಳಿ ಹೊದಿಕೆಗಳನ್ನು ಕಪ್ಪು ಮಾಡಿದಿರಿ, ಆದರೆ ಒಂದು ಗೇಣು ಕದಲಲಿಲ್ಲ. ಮದುವೆಯ ದಿನ ನನ್ನ ಅತ್ತೆ ಕೂಡ ಸಿಂಗಾರಕ್ಕೆ ಇಷ್ಟು ಹೊತ್ತು ತೆಗೆದುಕೊಂಡಿರಲಿಲ್ಲ. ಅಷ್ಟರಲ್ಲಿ ಸುದ್ದಿ ಹಬ್ಬಿ, ಸುತ್ತಲಿನ ಜಮೀನಿನವರು ಮಡಚುವ ಕುರ್ಚಿ ತಂದು ನನ್ನ ಬಸ್ಸಿನ ಎದುರು ಸಾಲಾಗಿ ಕುಳಿತರು. ಒಬ್ಬ ಪುಣ್ಯಾತ್ಮ ನನ್ನನ್ನು ಇನ್ನೊಂದಿಷ್ಟು ಪಕ್ಕಕ್ಕೆ ಸರಿಯಲು ಹೇಳಿದ. ಹಿಂದಿನವರಿಗೆ ಕೆಸರು ಕಾಣುತ್ತಿರಲಿಲ್ಲವಂತೆ.

ಹತ್ತೂವರೆಯ ಸುಮಾರಿಗೆ ಡೆಲ್ಮರ್ ಅವರಿಗೆ ಮನುಷ್ಯತ್ವ ನೆನಪಾಗಿ, "ಆರ್ಡಿಸಮ್ಮಾ, ಜಾಡಿ ತಗೊಂಡು ನನ್ನ ಗಾಡಿ ಹತ್ತಿ, ಮೇಳಕ್ಕೆ ಬಿಟ್ಟುಬರ್ತೀನಿ" ಎಂದರು. ಸ್ಪರ್ಧಿಯೇ ಖುದ್ದಾಗಿ ಬಂದು ಸಹಿ ಹಾಕಬೇಕೆಂಬುದು ಮೇಳದ ನಿಯಮ. ನಾನು ಜಾಡಿಗಳನ್ನು ಎತ್ತಿಯೂ ಆಗಿತ್ತು. ಆದರೆ ಅವಳೆಲ್ಲಿದ್ದಳು? ತಮ್ಮ ಹಿಂಭಾಗದ ಹಲಗೆಯ ಮೇಲೆ, ಮುಖಕ್ಕೆಲ್ಲ ಮಸಿ ಬಳಿದುಕೊಂಡು, ಒಲೆಗೆ ಸೌದೆ ತುರುಕುತ್ತಿದ್ದಳು.

"ಇರ್ರಿ, ಈಗ ಹಬೆ ಏರ್ತಾ ಇದೆ. ಇಷ್ಟು ಉರಿ ಹಾಕಿ ಬಿಟ್ಟುಹೋಗೋದಾ?"

"ಆರ್ಡಿಸ್, ವಿನಿಫ್ರೆಡ್ ಗೆಲ್ತಾಳೆ!"

"ಗೆಲ್ಲಲಿ ಬಿಡಿ. ಅವಳೇನು ಇಂಥದನ್ನ ಓಡಿಸಿದಾಳಾ?"

ನನ್ನ ಸಂಸಾರ ಒಡೆದ ಆ ಗಳಿಗೆಗೆ ತಾವೇ ಸಾಕ್ಷಿ. ಗಡಿಯಾರ ಹನ್ನೆರಡು ದಾಟಿತು, ಆಮೇಲೆ ತಾವು ಎದ್ದಿರಿ. ಆರ್ಡಿಸ್ ಸಿಳ್ಳೆಯ ಹಗ್ಗ ಜಗ್ಗಿದಳು, ಸರಪಳಿ ಬಿಗಿಯಿತು, ನನ್ನ ಬಸ್ಸು ಬೆಣ್ಣೆಯಿಂದ ಕೂದಲು ತೆಗೆದಂತೆ ಹೊರಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ, ನನ್ನ ಕೈಯಲ್ಲಿ ಜಾಡಿಗಳಿದ್ದವು.

ಆ ಜಾಡಿಗಳನ್ನೂ ಅವಳೇ ಕಿತ್ತುಕೊಂಡು, ಮುಚ್ಚಳ ತೆರೆದು, ಮಸಿಗೈಯವರಿಗೆಲ್ಲ ಹಂಚಿದಳು. ಅಂಗಳದ ತುಂಬ ಕಚಕಚ ಸದ್ದು. ಡೆಲ್ಮರ್ ಕೊನೆಯದನ್ನು ನುಂಗಿ, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಹಿಲ್ಡಾ ಅವರೇ, ತಮ್ಮ ಹಣೆಯ ಮೇಲೆ ತೂಗುತ್ತಿದ್ದ, ಯಾವುದೋ ಕಾಲದ ಒಕ್ಕಣೆ ಪಂದ್ಯದಲ್ಲಿ ತಾವು ಗೆದ್ದ ನೀಲಿ ರಿಬ್ಬನ್ನನ್ನು ಬಿಚ್ಚಿ ಅವಳ ಏಪ್ರನ್ನಿಗೆ ಚುಚ್ಚಿದರು. ಎದುರಾಳಿಯಿಲ್ಲ, ತೀರ್ಪುಗಾರರ ನಾಲಿಗೆಗೆ ಮಸಿ, ಇದೆಂಥ ಪಂದ್ಯ ಎಂದು ನಾನು ಕೇಳಿದೆ. ಅವರೆಲ್ಲ ಜಾಡಿಯ ತಳದಲ್ಲಿ ಬೆರಳಾಡಿಸುತ್ತಿದ್ದರು.

ಈಗ ನನ್ನ ಕೋರಿಕೆಗಳು. ಮುಂದಿನ ಸಲ ತಾವು ಹಿಂದಿನ ಸಂಜೆಯೇ ಎದ್ದು ಕಾದಿರತಕ್ಕದ್ದು. ನನ್ನ ಹೊದಿಕೆಗಳನ್ನು ತಾವೇ ಖುದ್ದಾಗಿ ಒಗೆದುಕೊಡತಕ್ಕದ್ದು. ಆ ಕೆಸರುಗುಂಡಿಗೆ ಜಲ್ಲಿ ಸುರಿಯಬೇಕೆಂದು ಬರೆಯಲು ಹೊರಟಿದ್ದೆ, ಆದರೆ ಹೆಗಲ ಮೇಲಿಂದ ಓದುತ್ತಿರುವ ಆರ್ಡಿಸ್, ಸುರಿದರೆ ಜೋಕೆ, ಮುಂದಿನ ವರ್ಷವೂ ಬಸ್ಸು ಅಲ್ಲೇ ಹೂತುಕೊಳ್ಳಬೇಕು ಎನ್ನುತ್ತಿದ್ದಾಳೆ. ಆದ್ದರಿಂದ ಸದರಿ ಗುಂಡಿಯನ್ನು ಹಾಗೆಯೇ ಒದ್ದೆಯಾಗಿ ಕಾಪಾಡಿಕೊಂಡು ಬರಬೇಕೆಂದು ಹಲ್ಲು ಕಚ್ಚಿ ವಿನಂತಿಸುವ,

ತಮ್ಮ ವಿಶ್ವಾಸಿ, ತಮ್ಮ ಸರಪಳಿಗೆ ಋಣಿ,
ವರ್ಲಿನ್ ಟಾಸ್ಟ್ರಡ್

ತಾಜಾ ಕಲಂ: ಅಕ್ಕ ವಿನಿಫ್ರೆಡ್ ಫೋನ್ ಮಾಡಿದ್ದಳು. "ಲೋ ವರ್ಲಿನ್, ನೀವಿಲ್ದೆ ಗೆದ್ದು ಏನೂ ಮಜಾ ಬರ್ಲಿಲ್ಲ ಕಣೋ. ಅದೇನೋ ಎಂಜಿನ್ ಅಂತೆ, ರಿಬ್ಬನ್ ಅಂತೆ, ಮುಂದಿನ ವರ್ಷ ನಮ್ಮ ಗಾಡಿನೂ ಅಲ್ಲೇ ನಿಲ್ಲಿಸ್ತೀವಿ" ಎಂದಳು. ಅವಳ ಗಾಡಿ ಹೂತರೆ, ಹಿಲ್ಡಾ ಅವರೇ, ತಾವು ಮಲಗಿಯೇ ಇರಿ. ಅವಳಿಗೆ ಆ ಹುಲ್ಲು ಕತ್ತರಿಸುವ ಟ್ರ್ಯಾಕ್ಟರನ್ನೇ ಕಳಿಸಿ.