ಶ್ರಾವಣ ಶುಕ್ರವಾರದ ತಲೆಸ್ನಾನ

ಕಾಲು ತೊಳೆಯಲೆಂದು ರಂಜನಾ ನಲ್ಲಿ ತಿರುಗಿಸಿದಳು. ನೀರು ಕಾಲಿಗೆ ಬೀಳಲಿಲ್ಲ, ನೆತ್ತಿಯ ಮೇಲೆ ಸುರಿಯಿತು.

ಬೆಳಗಾವಿಯ ಅವಳ ಮನೆಯ ನಲ್ಲಿ ಪ್ರಾಮಾಣಿಕ. ತಿರುಗಿಸಿದರೆ ತನ್ನ ಬಾಯಿಂದಲೇ ನೀರು ಬಿಡುತ್ತದೆ. ಪುಣೆಯ ಮೈದುನನ ಹೊಸ ಫ್ಲ್ಯಾಟಿನ ಈ ನಲ್ಲಿಗೆ ಎರಡು ಕಿವಿ, ನಡುವೆ ಒಂದು ಗುಂಡಿ. ಗುಂಡಿ ಒತ್ತಿದ್ದರೆ ನೀರು ಕೆಳಗೆ, ಎಳೆದಿದ್ದರೆ ಮೇಲಿನ ಶಾವರಿನಲ್ಲಿ. ಇದು ಅವಳಿಗೆ ತಿಳಿದದ್ದು ರೇಷ್ಮೆಯ ಇಳಕಲ್ ಸೀರೆ, ಮುಡಿದ ಮಲ್ಲಿಗೆ, ಎಲ್ಲ ತೊಯ್ದು ತೊಪ್ಪೆಯಾದ ಮೇಲೆ.

ಅವಳಿಗೆ ಸೀರೆಗಿಂತ ಹೆಚ್ಚಿನ ಚಿಂತೆ ಮೈದುನನ ಹೆಂಡತಿ, ನೆಗೆಣ್ಣಿ ಪೂರ್ವಾಳದು. ಹಿಂದೊಮ್ಮೆ ರಂಜನಾ ಹೋಟೆಲಿನ ಗಾಜಿನ ಬಾಗಿಲಿಗೆ ಹಣೆ ಹಾಯಿಸಿಕೊಂಡದ್ದನ್ನು ಪೂರ್ವಾ ಕಂಡಕಂಡ ಮದುವೆ ಮುಂಜಿವೆಗಳಲ್ಲೆಲ್ಲ ಚುರುಮುರಿಯಂತೆ ಹಂಚಿದ್ದಳು. ಈ ಸಲ ಆಕೆಯ ಕೈಗೆ ಒಂದು ಕತೆಯೂ ಸಿಗಬಾರದೆಂದು ರಂಜನಾ ಬಸ್ಸಿನಲ್ಲೇ ನಿಶ್ಚಯಿಸಿದ್ದಳು.

"ಅಕ್ಕಾ, ಕಾಲು ತೊಳಿಯೂದಕ್ಕ ಇಷ್ಟೊತ್ತೇನ್ರಿ?" ಬಾಗಿಲಾಚೆ ಪೂರ್ವಾಳ ದನಿ.

"ಏನಿಲ್ಲವಾ... ಶ್ರಾವಣ ಶುಕ್ರವಾರ ಅಲ್ಲಾ? ಬಸ್ಸಿನ ಮೈಲಿಗಿ ಬ್ಯಾರೆ. ತಲಿ ಮ್ಯಾಲ ನೀರು ಹಾಕ್ಕೊಂಡೆ. ನಿಂದೊಂದು ಸೀರಿ-ಜಂಪರ್ ಕೊಡು."

ಸುಳ್ಳು ಬಂದ ಸಲೀಸಿಗೆ ಅವಳಿಗೇ ಅಚ್ಚರಿ. ಬೆಳಗಾವಿಯಲ್ಲಿ ಅವಳು ಚಹಾ ಕುಡಿದು, ಪತ್ರಿಕೆಯ ಧಾರಾವಾಹಿ ಮುಗಿಸದೆ ಸ್ನಾನಕ್ಕೆ ಎದ್ದವಳೇ ಅಲ್ಲ. ದಿನದಲ್ಲಿ ಅವಳದೇ ಎನ್ನುವ ಹೊತ್ತು ಅದೊಂದೇ. ಅದನ್ನು ಅವಳು ಒಡವೆಗಿಂತ ಜೋಪಾನ ಮಾಡುತ್ತಿದ್ದಳು.

ಆದರೆ ಮಾತು ಅಡುಗೆಮನೆಯಲ್ಲಿದ್ದ ಅತ್ತೆ ಗೋದಾಬಾಯಿಯ ಕಿವಿಗೂ ಬಿತ್ತು. ಕಿರಿಯ ಮಗನ ಮನೆಯಲ್ಲಿದ್ದ ಅವರಿಗೆ ಮಡಿಯೆಂದರೆ ಪ್ರಾಣ.

"ಕೇಳಿದೇನು ಪೂರ್ವಾ? ಸೊಸಿ ಅಂದ್ರ ಹಿಂಗಿರಬೇಕು! ನಿನ್ನ ಮನ್ಯಾಗ ಮಿಕ್ಸರಿಗೂ ಮಡಿಯಿಲ್ಲ, ಮನಶ್ಯಾರಿಗೂ ಇಲ್ಲ."

ಪೂರ್ವಾ ಪುಣೆಯ ಕ್ಯಾಂಪ್ ಪೇಟೆಯಲ್ಲಿ ಕೊಂಡ ಜಾರ್ಜೆಟ್ ಸೀರೆಯೊಂದನ್ನು ತಂದುಕೊಟ್ಟಳು.

ಹೋಳಿಗೆ ಊಟ ಮುಗಿದು, ಕರೆಸಿದ್ದ ಮುತ್ತೈದೆಯರ ಸೆರಗಿಗೆ ಉಡಿ ತುಂಬುವಾಗ ಗೋದಾಬಾಯಿ ತಾವೇ ಮುಂದೆ ಬಂದರು. ಉಳಿದ ಮುತ್ತೈದೆಯರಿಗೆ ಒಂದೊಂದು ತೆಂಗಿನಕಾಯಿ. ಮಡಿವಂತೆ ರಂಜನಾಳಿಗೆ ಎರಡು, ಮೇಲೆ ಬೊಗಸೆ ಬೊಗಸೆ ಅಕ್ಕಿ. ಇಳಕಲ್ ಸೆರಗಾಗಿದ್ದರೆ ಸೊಂಟಕ್ಕೆ ಸಿಗಿಸಿದರೆ ಮುಗಿಯುತ್ತಿತ್ತು. ಜಾರ್ಜೆಟ್ಟು ಒದ್ದೆ ಸಾಬೂನಿನಂತೆ ಜಾರುತ್ತಿತ್ತು. ಉಡಿಯ ಒಂದು ಕಾಳೂ ನೆಲಕ್ಕೆ ಬೀಳುವಂತಿಲ್ಲ. ಎರಡೂ ಕೈಯಿಂದ ಅವುಚಿಕೊಂಡಳು.

ಕೆಳಗೆ ಗಂಡ ರಾಘಣ್ಣ ರಿಕ್ಷಾ ನಿಲ್ಲಿಸಿಕೊಂಡು ಕೂಗುತ್ತಿದ್ದ, "ಬಸ್ಸಿಗೆ ಹೊತ್ತಾತು, ಲಗೂನ ಬಾ!"

"ಲಿಫ್ಟಿನ್ಯಾಗ ನಾ ಬಿಡ್ತೀನಿ ಬರ್ರಿ ಅಕ್ಕಾ," ಎಂದಳು ಪೂರ್ವಾ.

"ಬ್ಯಾಡ. ಲಿಫ್ಟೇನು ನನಗ ಹೊಸಾದಲ್ಲ."

ಹೊಸದೇ ಆಗಿತ್ತು. ಬರುವಾಗ ರಾಘಣ್ಣ ಜೊತೆಗಿದ್ದ. ಹೊರಗೊಂದು, ಒಳಗೊಂದು ಜಾಲರಿ ಬಾಗಿಲು. ಎರಡನ್ನೂ ಎಳೆದು ಮುಚ್ಚದ ಹೊರತು ಲಿಫ್ಟು ಅಲುಗದು. ಒಳಗೆ ಹೋಗಿ ನಿಂತೊಡನೆ ತಲೆಯ ಮೇಲಿನ ಸ್ಪೀಕರಿನಿಂದ ಬಾಗಿಲು ಮುಚ್ಚಲು ಹೇಳುವ ಹೆಂಗಸೊಬ್ಬಳ ಹಿಂದಿ ದನಿ ಬಂತು: "ಕೃಪಯಾ ದರವಾಜಾ ಬಂದ್ ಕೀಜಿಯೇ."

"ಕೈ ಖಾಲಿ ಇಲ್ಲವಾ."

"ಕೃಪಯಾ ದರವಾಜಾ ಬಂದ್ ಕೀಜಿಯೇ."

"ತಡೀ ಅಂದೆ! ಅತ್ತಿಗಿಂತ ಜೋರದೀ ನೀ."

ಹೊರಗಿನದನ್ನು ಮೊಣಕೈಯಿಂದ, ಒಳಗಿನದನ್ನು ಕಾಲ್ಬೆರಳಿನಿಂದ ಹೇಗೋ ಎಳೆದು, ಬಟನ್ನನ್ನು ಮೂಗಿನಿಂದ ಒತ್ತಿದಳು. ಮೂಗಿಗೆ ಅಂಕಿ ಓದಲು ಬರುವುದಿಲ್ಲ. ಲಿಫ್ಟು ನಡುವೆಯೇ, ಎರಡನೆಯ ಮಹಡಿಯಲ್ಲಿ ನಿಂತಿತು.

ಬಾಗಿಲು ಸರಿಸಿದವರು ಆ ಮಹಡಿಯ ಮರಾಠಿ ಕಾಕೂ. "ಅಗಬಾಯಿ! ಶುಕ್ರವಾರಚೀ ಸವಾಷ್ಣ ದಾರಾತ ಆಲೀ!" ಮುತ್ತೈದೆ ತಾನಾಗಿ ಬಾಗಿಲಿಗೆ ಬಂದ ಭಾಗ್ಯಕ್ಕೆ ಹಿಗ್ಗಿ, ರಂಜನಾ "ನಕೋ, ನಕೋ" ಎನ್ನುತ್ತಿದ್ದರೂ ಬಿಡದೆ ಕರೆದೊಯ್ದರು. ಮಣೆಯ ಮೇಲೆ ಕೂಡಿಸಿದರು, ಸಕ್ಕರೆ ಹಾಕಿದ ಹಾಲು ಕುಡಿಸಿದರು, ಅದೇ ಉಡಿಗೆ ಮೂರನೆಯ ತೆಂಗಿನಕಾಯಿ ಸೇರಿಸಿದರು. ಕೊನೆಗೆ ಲಿಫ್ಟಿನ ಬಾಗಿಲನ್ನೂ ತಾವೇ ಎಳೆದು, "ಆತಾ ಯಾ," ಎಂದು ಬೀಳ್ಕೊಟ್ಟರು.

ಕೆಳಗಿಳಿದಾಗ ರಂಜನಾಳ ಮುಖ ಗೆದ್ದ ಪೈಲ್ವಾನನದು. ಒಂದು ಕಾಳೂ ಚೆಲ್ಲಿರಲಿಲ್ಲ. ಪೂರ್ವಾಳಿಗೆ ಕತೆಯೂ ಸಿಕ್ಕಿರಲಿಲ್ಲ.

ರಿಕ್ಷಾದಲ್ಲಿ ಟ್ರಂಕು, ತಾಮ್ರದ ತಂಬಿಗೆಗಳ ನಡುವೆ ಗೋದಾಬಾಯಿ ಕುಳಿತಿದ್ದರು. ಕಾಕೂ ಹಾಲು ಕುಡಿಸುತ್ತಿದ್ದಾಗ ಅವರೂ, ಟ್ರಂಕು ಹೊತ್ತ ಪೂರ್ವಾಳೂ ಮೆಟ್ಟಿಲಿಳಿದು ಬಂದಾಗಿತ್ತು.

"ಬಾ ರಂಜೂ. ಇಷ್ಟು ದಿನ ನಿನ್ನ ತಪ್ಪು ತಿಳಕೊಂಡಿದ್ದೆ. ಇನ್ನ ನಿನ್ನ ಮನ್ಯಾಗನ ಇರ್ತೀನಿ. ನಸುಕಿನ್ಯಾಗ ಎದ್ದು ಇಬ್ಬರೂ ಕೂಡೇ ತಲಿ ಮ್ಯಾಲ ನೀರು ಹಾಕ್ಕೊಳ್ಳೋಣಂತ. ಚಹಾದ ಮಾತು ಆಮ್ಯಾಲ."

ರಾಘಣ್ಣ ಆಕಾಶ ನೋಡಿದ. ಒದ್ದೆ ಇಳಕಲ್ ಸೀರೆಯ ಗಂಟನ್ನು ಒಳಗಿಡಲು ಬಾಗಿದ ಪೂರ್ವಾ ರಂಜನಾಳ ಕಿವಿಯಲ್ಲಿ ಉಸುರಿದಳು: "ಆ ನಲ್ಲಿ ಗೃಹಪ್ರವೇಶದ ದಿನಾ ನನ್ನೂ ಹಂಗ ತೊಯ್ಸಿತ್ತರಿ, ಅಕ್ಕಾ."

"ಮತ್ತ... ಅತ್ತಿಯವರಿಗೆ ನೀ ಏನಂದಿ?"

"ನಾ ಖರೇ ಹೇಳಿಬಿಟ್ಟೆ."

ಹಣೆ ಹಣೆ ಬಡಿದುಕೊಳ್ಳೋಣವೆಂದರೆ ರಂಜನಾಳ ಎರಡೂ ಕೈಯಲ್ಲಿ ಉಡಿ ಇತ್ತು.