ಝಳ ಬಾರದ ಕಿಟಕಿ

ಏಪ್ರಿಲ್ ತಿಂಗಳ ಒಂದು ಮುಂಜಾನೆ ಕಮಲಾಬಾಯಿ ತಮ್ಮ ಸೀರೆಗಳನ್ನು ಟ್ರಂಕಿಗೆ ತುಂಬತೊಡಗಿದಾಗ ಮಗ ಜಿನದತ್ತನ ಬಾಯಲ್ಲಿದ್ದ ಚಹಾ ಕಹಿಯಾಯಿತು.

“ಈ ಖೋಲಿ ಮಧ್ಯಾಹ್ನ ಆತಂದ್ರ ರೊಟ್ಟಿ ಹಂಚ ಆಗತೈತಿ. ನಾಳೆ ಮೊದಲ ಬಸ್ಸಿಗೆ ಹುಕ್ಕೇರಿಗೆ ಹೋಗತೇನಿ. ಸಣ್ಣಾಂವನ ಮನ್ಯಾಗ ಕೂಲರ್ ಐತಿ,” ಅಂದರು ಅವರು.

ಹಿರಿಮಗ ತಾಯಿಯನ್ನು ಇಟ್ಟುಕೊಳ್ಳಲಾರದೆ ತಮ್ಮನ ಮನೆಗೆ ಸಾಗಹಾಕಿದ ಎಂದು ಕೌಜಲಗಿಯ ಜನ ಆಡಿಕೊಂಡರೆ ಅವರ ಬಾಯಿ ಮುಚ್ಚುವವರು ಯಾರು? ಅದೂ ಹೋಗಲಿ, ಅವ್ವ ಇಲ್ಲದ ಮನೆಯನ್ನು ನೆನೆದರೇ ಜಿನದತ್ತನಿಗೆ ಸಂಕಟ. “ಇವತ್ತ ಸಂಜಿಯೊಳಗ ಖೋಲಿ ತಂಪ ಮಾಡಿ ಕೊಡತೇನಿ, ಟ್ರಂಕ್ ಮುಚ್ಚವ್ವಾ” ಎಂದು ಮಾತು ಕೊಟ್ಟವನು ನಾಷ್ಟಾ ಕೂಡ ಮಾಡದೆ ಹೊರಬಿದ್ದ.

ಬಾಗಿಲಲ್ಲೇ ನೆರೆಮನೆಯ ಮಾಯಪ್ಪ ಸಿಕ್ಕ. ಆ ವರ್ಷ ಅವನ ಮನೆಗೆ ಕರೆಂಟು ಉಳಿಸುವ ಐದು ಸ್ಟಾರಿನ ಚೀಟಿ ಹಚ್ಚಿದ ಫ್ರಿಜ್ ಬಂದಿತ್ತು. ಅಂದಿನಿಂದ ಝಳ, ತಂಪು, ಕರೆಂಟು ಎಂದು ಯಾರು ಬಾಯಿ ಬಿಟ್ಟರೂ ಅವನು ಹಾಜರು. ಕರೆಯದಿದ್ದರೂ ಬಸ್ಸು ಹತ್ತಿ ಗೋಕಾಕಿನವರೆಗೆ ಬಂದ.

ಗಾಜಿನ ಅಂಗಡಿಯ ಯಲ್ಲೇಶ ಸತ್ಯವಂತ. ಕಂಪನಿಯ ಪುಸ್ತಕ ತೆರೆದು ಬೆರಳಿಟ್ಟು ತೋರಿಸಿದ. “ನೋಡ್ರಿ, ಈ ನಂಬರ ಝಳ ಎಷ್ಟ ಒಳಗ ಬರತೈತಿ ಅನ್ನೋದು. ಇದು ಸಣ್ಣದಿದ್ದಷ್ಟೂ ಚಲೋ. ಬಾಜೂಕಿಂದು ಬೆಳಕ ಎಷ್ಟ ಬರತೈತಿ ಅನ್ನೋದು. ಇದು ದೊಡ್ಡದಿರಬೇಕು. ಎರಡೂ ತೂಗಿ ನೋಡಿ ತಗೋಬೇಕ್ರಿ.”

ಮಾಯಪ್ಪ ಜಿನದತ್ತನ ಅಂಗಿ ಜಗ್ಗಿದ. “ಒಂದು ಸಣ್ಣದು, ಒಂದು ದೊಡ್ಡದು! ಗಿರಾಕಿ ತಲಿ ತಿರಗ್ಸಾಕ ಹಿಂಗ ಮಾಡತಾರಣ್ಣಾ. ನಮಗ ಬೇಕಾಗಿದ್ದು ತಂಪ. ಎರಡೂ ಸಣ್ಣದಿರೋದನ್ನ ಕೇಳು.”

“ಅಂಥಾದೂ ಒಂದ ಐತ್ರಿ,” ಯಲ್ಲೇಶ ತಲೆ ಕೆರೆದುಕೊಂಡ. “ಬ್ಯಾಂಕಿನ ಮಿಷನ್ ಖೋಲಿಗಂತ ಮಾಡಿದ್ದು, ಅವರು ಒಯ್ಯಲಿಲ್ಲ. ಎರಡು ಗ್ಲಾಸ, ನಡುವ ಗಾಳಿ ಬಂದ್. ತಗದು ಹಾಕಾಕ ಬರೂದಿಲ್ಲ. ಖರೆ ಹೇಳತೇನ್ರಿ, ಮನ್ಯಾಗ ಕತ್ತಲಾಗತೈತಿ.”

“ಕೊಡ್ರಿ” ಎಂದ ಜಿನದತ್ತ. ಅವ್ವನ ಟ್ರಂಕೇ ಕಣ್ಣ ಮುಂದಿದ್ದವನಿಗೆ ಕತ್ತಲೆಯ ಮಾತು ಕಿವಿಗೆ ಹೋದೀತೇ?

ಟೆಂಪೋದಲ್ಲಿ ಬಂದ ಕಿಟಕಿ ಗೋಡೆಯ ಕಂಡಿಗಿಂತ ನಾಲ್ಕು ಬೆರಳು ದೊಡ್ಡದಿತ್ತು. ಗೋಡೆ ಒಡೆದರು. ಧೂಳೆದ್ದು ಅಡುಗೆಮನೆಗೆ ನುಗ್ಗಿತು. ಕಮಲಾಬಾಯಿ ಉಂಡದ್ದಾಗಿತ್ತು, ಪುಣ್ಯ. ಜಿನದತ್ತನ ಪಾಲಿನ ಅನ್ನದ ಮೇಲೆ ಮಾತ್ರ ಇಟ್ಟಂಗಿಯ ಪುಡಿ ಕೂತು, ಅದು ಎಮ್ಮೆಗೆ ಹೋಯಿತು. “ಇರ್ಲಿ ಬಿಡ್ರಿ, ಸಂಜೀಕ ಬಿಸಿ ರೊಟ್ಟಿ, ಹೆಸರುಕಾಳ ಪಲ್ಯ ಮಾಡತೇನಿ” ಎಂದು ಹೆಂಡತಿ ರೂಪಾಲಿ ಸಮಾಧಾನ ಹೇಳಿದಳು.

ಎರಡು ಗಂಟೆಗೆ ಕಿಟಕಿ ಕೂತಿತು. ಕೋಣೆಯಲ್ಲಿ ಮಣ್ಣಿನ ಹರವಿಯೊಳಗಿನ ತಂಪು. ಕಮಲಾಬಾಯಿ ಚಾಪೆಗೆ ತಲೆ ಇಟ್ಟವರು ಮಗುವಿನಂತೆ ನಿದ್ದೆ ಹೋದರು. ಜಿನದತ್ತನ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಹೊರಗೆ ಗದ್ದಲ. ಆ ಗಾಜು ಹೊರಗಿನವರಿಗೆ ಕನ್ನಡಿ. ಎದುರುಮನೆಯ ಭರಮವ್ವನ ಟಗರು ಅದರಲ್ಲಿ ತನ್ನಷ್ಟೇ ಸೊಕ್ಕಿದ ಇನ್ನೊಂದು ಟಗರನ್ನು ಕಂಡು, ನಾಲ್ಕು ಹೆಜ್ಜೆ ಹಿಂದೆ ಸರಿದು, ತಲೆ ತಗ್ಗಿಸಿ ಓಡಿ ಬಂತು. ಜಿನದತ್ತ ಅಡ್ಡ ಬಿದ್ದ. ಗಾಜು ಉಳಿಯಿತು, ಮೊಣಕಾಲು ಉಳಿಯಲಿಲ್ಲ.

“ಟಗರ ಕಟ್ಟಿ ಹಾಕಬೇ ಭರಮವ್ವಾ!”

“ಹಗ್ಗಾ ಹರಕೊಂಡ ಬಂದೈತ್ರಿ! ನಿಮ್ಮ ಕನ್ನಡಿ ನೋಡಿ ಅದಕ್ಕ ತಲಿ ಕೆಟ್ಟೈತಿ, ನೀವ ಕಾಯಿರಿ!”

ಅವ್ವನ ನಿದ್ದೆ ಕೆಡಬಾರದು. ಕೈಯಲ್ಲಿ ಕೋಲು, ಹೊಟ್ಟೆಯಲ್ಲಿ ಬೆಂಕಿ, ನೆತ್ತಿಯ ಮೇಲೆ ಬಿಸಿಲು. ಹೀಗೆ ಜಿನದತ್ತ ನಾಲ್ಕೂವರೆಯವರೆಗೆ ಕಿಟಕಿ ಕಾದ. ಒಳಗೆ ತಂಪು, ಹೊರಗೆ ಅವನು. ಕುಂಟುತ್ತ ಒಳಗೆ ಬಂದಾಗ ಅಡುಗೆಮನೆಯಲ್ಲಿ ರೊಟ್ಟಿಯ ಸಪ್ಪಳವೇ ಇರಲಿಲ್ಲ. ರೂಪಾಲಿ ಒಲೆ ಸಾರಿಸಿ ಸುಮ್ಮನೆ ಕೂತಿದ್ದಳು.

“ಅತ್ತಿಯಾರ ಎದ್ದು, ಹೊತ್ತ ಮುಳಗಿತು ಅಂತ ಕೈ ಮುಗದುಬಿಟ್ರು. ನಾಳೆ ಮುಂಜಾನಿತನಕ ಅನ್ನ ನೀರು ಬಿಟ್ಟಾರ.”

ಜೈನರ ನೇಮ ಬಿಡದ ಕಮಲಾಬಾಯಿ ಹೊತ್ತು ಮುಳುಗಿದ ಮೇಲೆ ಜೀವಮಾನದಲ್ಲಿ ಒಂದು ಅಗುಳು ಬಾಯಿಗಿಟ್ಟವರಲ್ಲ. ಜಿನದತ್ತ ಕೋಣೆಗೆ ಓಡಿದ. ಒಳಗೆ ಮುಸ್ಸಂಜೆ. ಕಪ್ಪು ಗಾಜಿನಾಚೆ ಸೂರ್ಯ ಹುಣ್ಣಿಮೆಯ ಚಂದ್ರನಂತೆ ತಣ್ಣಗೆ ತೂಗುತ್ತಿದ್ದ.

“ಅವ್ವಾ, ಅದು ಚಂದ್ರ ಅಲ್ಲ!” ಎಂದು ಕೈ ಹಿಡಿದು ಅಂಗಳಕ್ಕೆ ಕರೆತಂದ. ಬಿಸಿಲು ಕಣ್ಣಿಗೆ ಹೊಡೆಯಿತು. ಕಮಲಾಬಾಯಿ ನೆಟ್ಟಗೆ ನೋಡಿದರು.

“ಹೌದಪ್ಪಾ, ಸೂರ್ಯನ. ಆದ್ರ ಕೈ ಮುಗದಾತಲ್ಲ. ದೇವರ ಮುಂದ ಆಡಿದ ಮಾತು ತಿರುವಾಕ ಬರತೈತೇನು?”

ಜಿನದತ್ತ ಆಸೆಯಿಂದ ಅಡುಗೆಮನೆಯತ್ತ ತಿರುಗಿದ. ಕಟ್ಟೆಯ ಮೇಲೆ ಕೂತಿದ್ದ ಮಾಯಪ್ಪ ಗದ್ದ ನೇವರಿಸಿದ. “ತಾಯಿ ಉಪಾಸ, ಮಗ ಊಟಾ! ಊರ ಮಂದಿ ಏನಂದಾರು ಅಣ್ಣಾ?”

ಜಿನದತ್ತನ ಪಿತ್ತ ನೆತ್ತಿಗೇರಿತು. ಮೂಲೆಯಲ್ಲಿದ್ದ ಹಾರೆ ಎತ್ತಿಕೊಂಡ. “ಈ ಕಿಡಕೀನ ಕಿತ್ತ ಒಗೀತೇನಿ!”

“ಮುಟ್ಟಿದ್ರ ನೋಡು!” ಕಮಲಾಬಾಯಿ ಅಡ್ಡ ನಿಂತರು. “ನಲವತ್ತ ವರ್ಷದಾಗ ಇಂಥಾ ನಿದ್ದಿ ಮಾಡಿದ್ದಿಲ್ಲ. ನಾ ಹುಕ್ಕೇರಿಗೆ ಹೋಗೂದಿಲ್ಲ. ಇಲ್ಲೇ ಇರತೇನಿ, ಈ ಖೋಲ್ಯಾಗ.”

ಹಾರೆ ಜಾರಿ ಬಿತ್ತು. ಹಸಿವು, ಮೊಣಕಾಲು, ಟಗರು ಎಲ್ಲ ಮರೆತು ಜಿನದತ್ತ ಅವ್ವನ ಪಾದ ಮುಟ್ಟಿದ. ಗೆದ್ದೆ ಅಂದುಕೊಂಡ.

“ಆದ್ರ ಒಂದ ಮಾತು,” ಅಂದರು ಕಮಲಾಬಾಯಿ. “ಈ ವಯಸ್ಸಿನ್ಯಾಗ ದಿನಾ ಅಂಗಳಕ್ಕ ಓಡಿ ಸೂರ್ಯನ್ನ ಹುಡಕಾಕ ನನ್ನ ಕೈಲೆ ಆಗೂದಿಲ್ಲ. ಸಂಶೇ ಇದ್ದಾಗ ಉಣಬಾರದು. ಆ ಕಿಡಕ್ಯಾಗ ಬೆಳಕಿದ್ರ ಒಲಿ, ಇಲ್ಲಂದ್ರ ಇಲ್ಲ. ಮನಿ ಮಂದಿಗೆಲ್ಲಾ ಒಂದ ನೇಮ.”

ನಾಲ್ಕು ಗಂಟೆಗೇ ಉಂಡರಾಯಿತು, ಅದರಲ್ಲೇನಿದೆ ಎಂದು ಜಿನದತ್ತ ಖುಷಿಯಿಂದಲೇ ಒಪ್ಪಿಕೊಂಡ. ಹೊಟ್ಟೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು ರಾತ್ರಿ ಕಳೆದ. ಮರುದಿನ ಎಂಟು ಗಂಟೆಗೆ ಸ್ನಾನ ಮುಗಿಸಿ, ತಾಟು ಮುಂದಿಟ್ಟುಕೊಂಡು, ರೂಪಾಲಿ ಒಲೆ ಹಚ್ಚುವುದನ್ನೇ ಕಾಯುತ್ತಿದ್ದ. ಮೂಡಣದ ಬಿಸಿಲು ಅಂಗಳದಲ್ಲಿ ಕುಣಿಯುತ್ತಿತ್ತು. ಪಡುವಣದ ಕೋಣೆಯೊಳಗಿಂದ ಅವ್ವನ ದನಿ ಕೇಳಿತು.

“ರೂಪಾಲೀ, ಒಲಿ ಹಚ್ಚಬ್ಯಾಡವ್ವಾ, ಇನ್ನೂ ನಸಕ ಹರದಿಲ್ಲ!”